ಸ್ನೇಪ್ ಆಡ್ತೀರಾ? ಪುಸ್ತಕದವನೋ ಸಿನಿಮಾದವನೋ ಮೊದ್ಲು ನೋಡ್ಕೊಳ್ಳಿ

ಹ್ಯಾರಿ ಪಾಟರ್ ರೋಲ್‌ಪ್ಲೇನಲ್ಲಿ (ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಟೈಪ್ ಮಾಡ್ತಾ ಕಥೆ ಆಡೋದು) ಹ್ಯಾರಿಯ ಸಿಡುಕು ಮೇಷ್ಟ್ರು ಸ್ನೇಪ್ ಆಗ್ತೀನಿ ಅಂತ ಬರೋರು ಸುಮಾರು ಜನ ನಿಜಕ್ಕೂ ಆಡೋದು ಸಿನಿಮಾದಲ್ಲಿ ಆ ಪಾತ್ರ ಮಾಡಿದ ಅಲನ್ ರಿಕ್ಮನ್ ಅವ್ರನ್ನ. ನಾನೂ ಹಂಗೇ ಶುರು ಮಾಡಿದ್ದು, ಸಿನಿಮಾ ನೋಡಿ ಆಮೇಲೆ ಪುಸ್ತಕ ಓದಿದ್ದಕ್ಕೆ ಆ ದನಿ ತಲೇಲಿ ಕೂತ್ಬಿಟ್ಟಿತ್ತು, ಕೊನೆಗೆ ಜೊತೇಲಿ ಆಡ್ತಿದ್ದವ್ಳು "ನಿಮ್ ಸ್ನೇಪ್ ಯಾಕೋ ಮಠದ ಸ್ವಾಮಿ ಥರ ಇದಾನೆ, ಸಿಟ್ಟೇ ಬರಲ್ವಾ ಅವ್ನಿಗೆ" ಅಂದ್ಲು.

ಮೊದ್ಲು ವಯಸ್ಸು. ಸ್ನೇಪ್ ಹುಟ್ಟಿದ್ದು 1960ರ ಜನವರಿ, ಹ್ಯಾರಿ ಸ್ಕೂಲಿಗೆ ಬರೋದು 1991ರಲ್ಲಿ, ಅಂದ್ರೆ ಮೇಷ್ಟ್ರಿಗೆ ಬರೀ 31. ಮೊದಲ ಸಿನಿಮಾ ಬಂದಾಗ ರಿಕ್ಮನ್‌ಗೆ 55. ಐವತ್ತು ದಾಟಿದವ್ರು ಹುಡುಗನ್ನ ಗದರಿದ್ರೆ ಗತ್ತು ಅನ್ಸತ್ತೆ, 31ರವನು ಹುಡುಗನ ಅಪ್ಪನ ಮೇಲಿನ ಸ್ಕೂಲ್ ಜಗಳಾನ ಮಗನ ಮೇಲೆ ತೀರಿಸ್ಕೊಂಡ್ರೆ ಅದು ಸಣ್ಣತನ. ಆ ಸಣ್ಣತನ ಬಿಟ್ರೆ ಪಾತ್ರಾನೇ ಇಲ್ಲ.

ಇನ್ನು ಸಿಟ್ಟು, ಅಸಲಿ ವ್ಯತ್ಯಾಸ ಇರೋದೇ ಇಲ್ಲಿ. ಮೂರನೇ ಕಥೇಲಿ ಇನ್ನೊಬ್ಬ ಮೇಷ್ಟ್ರು ಲೂಪಿನ್ ತೋಳ ಆದಾಗ ಸಿನಿಮಾ ಸ್ನೇಪ್ ಮಕ್ಕಳಿಗೆ ಅಡ್ಡ ನಿಂತ್ಕೋತಾನೆ. ಪುಸ್ತಕದಲ್ಲಿ? ಅದೇ ಮಕ್ಕಳ ಮಂತ್ರ ತಗುಲಿ ಜ್ಞಾನ ತಪ್ಪಿರತ್ತೆ, ಆಮೇಲೆ ಎದ್ದು, ತನ್ನ ಹಳೇ ಶತ್ರು ಸಿರಿಯಸ್ ತಪ್ಪಿಸ್ಕೊಂಡ ಅಂತ ಗೊತ್ತಾದಾಗ ಮಂತ್ರಿ ಮುಂದೇನೇ ಹುಚ್ಚನ ಥರ ಕಿರುಚಾಡ್ತಾನೆ. ನಾಲ್ಕನೇದ್ರಲ್ಲಿ ಶಾಪ ತಗುಲಿ ಹ್ಯಾರಿ ಗೆಳತಿ ಹರ್ಮಯನಿ ಹಲ್ಲು ಉದ್ದ ಆದ್ರೆ, ನಂಗೇನೂ ವ್ಯತ್ಯಾಸ ಕಾಣ್ತಿಲ್ಲ ಅಂತಾನೆ, ಆ ಸೀನ್ ಸಿನಿಮಾದಲ್ಲಿ ಇಲ್ವೇ ಇಲ್ಲ. ಆರನೇದ್ರಲ್ಲಿ ಹ್ಯಾರಿ ಹೇಡಿ ಅಂದಿದ್ದಕ್ಕೆ ಅರಚ್ತಾನೆ, ತೆರೆ ಮೇಲೆ ಮಾತ್ರ ತಣ್ಣಗೆ ಒಂದು ಮಾತು ಹೇಳಿ ಹೊರಟ್ಹೋಗ್ತಾನೆ.

ಎರಡನ್ನೂ ಅರ್ಧರ್ಧ ಬೆರೆಸಿದ್ರೆ ಸಪ್ಪೆ ಆಗತ್ತೆ. ಎಲ್ಲೆಲ್ಲಿ ಬೇರೆ ಇದೆ ಅಂತ ಬರ್ಕೊಂಡು ಒಂದೊಂದ್ಕಡೆ ಒಂದನ್ನ ಆರಿಸಿ, ಜೊತೆಯವ್ರಿಗೂ ಮೊದ್ಲೇ ಹೇಳ್ಬಿಡಿ. ನಾನು ನಿಧಾನದ ಮಾತು ಸಿನಿಮಾದಿಂದ ತಗೋತೀನಿ, ಸಿಟ್ಟು ಪುಸ್ತಕದ್ದು. ಆ ನಿಧಾನ ಅನ್ನೋದು ಕುದಿಯೋ ಪಾತ್ರೆ ಮೇಲಿನ ಮುಚ್ಚಳ ಅಷ್ಟೇ, ಯಾವಾಗ ಹಾರತ್ತೆ ಅನ್ನೋದೇ ಆಟ.

ಕನ್ನಡದಲ್ಲಿ ಟೈಪ್ ಮಾಡೋರಿಗೆ ಇದು ಇನ್ನೂ ಸುಲಭ. ಕ್ಲಾಸಲ್ಲಿ ಅವ್ನಿಗೆ ಪೂರ್ತಿ ಗ್ರಾಂಥಿಕ ಕೊಡಿ, "ಪಾಟರ್, ನಿನಗೆ ಅರ್ಥವಾಗುತ್ತದೆಂಬ ಭ್ರಮೆ ನನಗಿಲ್ಲ" ಅನ್ನೋ ಥರ, ಹುಡುಗರಿಗೆಲ್ಲ ನೀನು, ಹೆಡ್‌ಮಾಸ್ಟರ್ ಡಂಬಲ್ಡೋರ್‌ಗೆ ಮಾತ್ರ ನೀವು. ಮುಚ್ಚಳ ಹಾರಿದಾಗ ಆ ಗ್ರಾಂಥಿಕ ಮುರೀಬೇಕು, "ಹೇಡಿ ಅನ್ಬೇಡ ನನ್ನ!"

ಹಾ, ಯಾವ ವರ್ಷದ ಕಥೆ ಅನ್ನೋದೂ ನೋಡ್ಕೊಳ್ಳಿ. ಹ್ಯಾರಿ ಅಮ್ಮ ಲಿಲಿ ಸತ್ತಾಗ ಅವ್ಳನ್ನ ತಬ್ಕೊಂಡು ಅಳೋ ಸೀನ್ ಸಿನಿಮಾದವ್ರು ಸೇರ್ಸಿದ್ದು, ಪುಸ್ತಕದವನು ಅವ್ಳ ಮೇಲಿನ ಪ್ರೀತಿ ವಿಷ್ಯ ಯಾರಿಗೂ ಹೇಳ್ಬಾರ್ದು ಅಂತ ಡಂಬಲ್ಡೋರ್ ಹತ್ರಾನೇ ಮಾತು ತಗೊಂಡಿರೋನು. ಹಂಗಾಗಿ ಮೂರನೇ ವರ್ಷದ ಆಟದಲ್ಲಿ ಯಾರಾದ್ರೂ ಬಂದು ಸರ್ ನಿಮ್ಗೆ ಹ್ಯಾರಿ ಅಮ್ಮ ಗೊತ್ತಾ ಅಂದ್ರೆ ಕಣ್ಣು ಒದ್ದೆ ಮಾಡ್ಬೇಡಿ, ಅವ್ರ ಹೌಸ್‌ಗೆ ಹತ್ತು ಪಾಯಿಂಟ್ ಕಟ್ ಮಾಡಿ ಆಚೆ ಕಳ್ಸಿ.