ಮೊದಲು ಮ್ಯಾಟರ್, ಆಮೇಲೆ ಬಣ್ಣ

ಶಿರಸಿಯಲ್ಲಿ ಕುಳಿತು ನಾನು ಮಾಡುವ ಡಿಸೈನ್ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಲೇಬಲ್‌ಗಳೇ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಶರಬತ್ತು, ಜೋನಿ ಬೆಲ್ಲ. ಮಾಡಿಸಲು ಬರುವವರು ಹೆಚ್ಚಾಗಿ ಸುತ್ತಲಿನ ಹಳ್ಳಿಗಳ ಹೆಂಗಸರು, ಸ್ವಸಹಾಯ ಸಂಘದವರು. ಬಂದು ಕುಳಿತ ಕೂಡಲೇ ಹೇಳುವ ಮಾತು ಒಂದೇ: “ತಂಗಿ, ಎದ್ದು ಕಾಣುವ ಹಾಗೆ ಚೆಂದ ಮಾಡಿಕೊಡು.” ಆ ವಿಶ್ವಾಸಕ್ಕೆ ನಾನು ಋಣಿ. ಆದರೆ ಯಾರಿಗೆ ಎದ್ದು ಕಾಣಬೇಕು, ಯಾವ ಅಂಗಡಿಯ ಯಾವ ಕಪಾಟಿನಲ್ಲಿ, ಪಕ್ಕದಲ್ಲಿ ಯಾರ ಬಾಟಲಿ ಇರುತ್ತದೆ ಎಂದು ತಿಳಿಯದೆ ನಾನು ಯಾವ ಬಣ್ಣ ಹಚ್ಚಿದರೂ ಅದು ಕಣ್ಣು ಮುಚ್ಚಿ ಎಸೆದ ಕಲ್ಲು. ಅದಕ್ಕಾಗಿ ಡಿಸೈನರ್ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಕುಳಿತು ಏನೇನು ಸಿದ್ಧಪಡಿಸಿಕೊಳ್ಳಬೇಕು ಎಂಬುದನ್ನು ಬರೆಯುತ್ತಿದ್ದೇನೆ. ಉದಾಹರಣೆ ಉಪ್ಪಿನಕಾಯಿಯದು, ನಿಮ್ಮದು ಸಾಬೂನಾಗಿರಲಿ, ಜೇನುತುಪ್ಪವಾಗಿರಲಿ, ದಾರಿ ಹೆಚ್ಚುಕಡಿಮೆ ಇದೇ.

ಹಿಂದಿನ ಮಾರಿಕಾಂಬಾ ಜಾತ್ರೆಗೆ ಮುಂಚೆ ಒಬ್ಬ ಅಕ್ಕ ಶಾಲೆಯ ನೋಟ್‌ಪುಸ್ತಕದಿಂದ ಹರಿದ ಒಂದು ಹಾಳೆ ತಂದಿದ್ದರು. ಅದರಲ್ಲಿ ಇಷ್ಟು ಬರೆದಿತ್ತು: “ಅಪ್ಪೆಮಿಡಿ, 400 ಗ್ರಾಂ, ಗಾಜಿನ ಬಾಟಲಿ. ಜಾತ್ರೆಯಲ್ಲಿ ಮಾರುತ್ತೇವೆ, ಆಮೇಲೆ ಬೆಂಗಳೂರಿನ ಎರಡು ಅಂಗಡಿಗೆ ಹೋಗುತ್ತದೆ. ಕೊಳ್ಳುವವರು ಊರು ಬಿಟ್ಟುಹೋದ ನಮ್ಮವರು, ಅಜ್ಜಿ ಮನೆಯ ರುಚಿ ನೆನಪಿದ್ದವರು. ಎಣ್ಣೆ ಹಾಕುವುದಿಲ್ಲ, ಅದನ್ನು ಹೇಳಲೇಬೇಕು. ಕೆಂಪು ಬಣ್ಣ ಬೇಡ, ಕೆಂಪು ಲೇಬಲ್ ಕಂಡರೆ ಬರೀ ಖಾರ ಎಂದುಕೊಳ್ಳುತ್ತಾರೆ. ಮೊದಲು 2,000 ಲೇಬಲ್. ಜಾತ್ರೆಗೆ ಹದಿನೈದು ದಿನ ಮುಂಚೆ ಕೈಗೆ ಸಿಗಬೇಕು. ಕೊನೆಯ ಒಪ್ಪಿಗೆ ನನ್ನದು.” ಏನು ಬೇಕೆಂದು ಡಿಸೈನರ್‌ಗೆ ತಿಳಿಸುವ ಬ್ರೀಫ್ ಎಂದರೆ ಇದೇ. ಆ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ವಸ್ತುವಿದೆ, ಕೊಳ್ಳುವವರಿದ್ದಾರೆ, ಹೇಳಲೇಬೇಕಾದ ಒಂದು ಮಾತಿದೆ, ಬೇಡದ್ದು ಏಕೆ ಬೇಡ ಎಂಬ ಕಾರಣವಿದೆ, ಲೆಕ್ಕ ಮತ್ತು ದಿನವೂ ಇವೆ.

ಹೇಳಲೇಬೇಕಾದ ಮಾತು ಒಂದೇ ಇರಲಿ ಎಂದು ನಾನು ಹಟ ಹಿಡಿಯುತ್ತೇನೆ. “ಮನೆಯಲ್ಲಿ ಮಾಡಿದ್ದು, ಎಣ್ಣೆರಹಿತ, ಸಾಂಪ್ರದಾಯಿಕ, ಶುದ್ಧ, ಆರೋಗ್ಯಕರ” ಎಂದು ಐದನ್ನೂ ಮುಂಭಾಗದಲ್ಲಿ ತುರುಕಿದರೆ ಕೊಳ್ಳುವವರು ಒಂದನ್ನೂ ಓದುವುದಿಲ್ಲ. ದುಂಡಗಿನ ಬಾಟಲಿಯಲ್ಲಿ ಎದುರಿನಿಂದ ಸಲೀಸಾಗಿ ಓದಲು ಸಿಗುವುದು ಸುತ್ತಳತೆಯ ಮೂರನೇ ಒಂದು ಭಾಗ ಮಾತ್ರ.

ಸುತ್ತಳತೆಯನ್ನು ನೀವೇ ತೆಗೆಯಬಹುದು. ಬಾಟಲಿಯ ಹೊಟ್ಟೆಗೆ ಕಾಗದದ ಪಟ್ಟಿ ಸುತ್ತಿ, ತುದಿ ಸೇರುವಲ್ಲಿ ಪೆನ್ಸಿಲ್ ಗುರುತು ಹಾಕಿ, ಬಿಡಿಸಿ, ಅಳೆಯಿರಿ. ಆ ಅಕ್ಕನ ಬಾಟಲಿಯ ವ್ಯಾಸ 7 ಸೆಂ.ಮೀ., ಪಟ್ಟಿ ಬಂದದ್ದು 22 ಸೆಂ.ಮೀ. ತುದಿಯ ಮೇಲೆ ತುದಿ ಅಂಟಲು 1 ಸೆಂ.ಮೀ. ಸೇರಿಸಿ 23 ಮಾಡಿದೆವು. ಎತ್ತರವನ್ನು ಗಾಜು ನೇರವಾಗಿರುವ ಭಾಗದಲ್ಲಷ್ಟೇ ಅಳೆಯಬೇಕು. ಕತ್ತಿನ ಬಳಿ ಬಾಗುವ ಜಾಗಕ್ಕೆ ಅಂಟಿಸಿದರೆ ಸ್ಟಿಕರ್ ಸುಕ್ಕುಗಟ್ಟುತ್ತದೆ. ಸಾಧ್ಯವಾದರೆ ಖಾಲಿ ಬಾಟಲಿಯನ್ನೇ ಡಿಸೈನರ್ ಹತ್ತಿರ ಬಿಟ್ಟು ಬನ್ನಿ. ಮತ್ತು ದಯವಿಟ್ಟು ಮೊದಲು ಬಾಟಲಿ ಕೊಳ್ಳಿ, ಆಮೇಲೆ ಲೇಬಲ್ ಮಾಡಿಸಿ. ಒಂದು ಸಂಘದವರು ಅಚ್ಚಾದ ಮೇಲೆ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಬಾಟಲಿ ತಂದರು. ಅದರಲ್ಲಿ ಹಿಡಿಸಿದ್ದು 350 ಗ್ರಾಂ, ಲೇಬಲ್ ಮೇಲಿದ್ದದ್ದು 400. ಅಷ್ಟೂ ಲೇಬಲ್ ಹಾಗೆಯೇ ಉಳಿಯಿತು. ಅವರ ಮೂರು ತಿಂಗಳ ಉಳಿತಾಯ ಅದರಲ್ಲಿತ್ತು. ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಮ್ಯಾಟರ್, ಅಂದರೆ ಲೇಬಲ್ ಮೇಲೆ ಅಚ್ಚಾಗಬೇಕಾದ ಬರಹ. ತಿನ್ನುವ ವಸ್ತುವಿನ ಲೇಬಲ್‌ಗೆ ಕಾನೂನು ಕೇಳುವ ವಿವರಗಳಿವೆ, ಅವನ್ನು ಡಿಸೈನರ್ ಊಹಿಸಿ ಬರೆಯಲಾಗದು. ಪದಾರ್ಥದ ಹೆಸರು; ಹಾಕಿದ ಸಾಮಗ್ರಿಗಳು, ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ; ನಿವ್ವಳ ತೂಕ; ತಯಾರಕರ ಪೂರ್ತಿ ವಿಳಾಸ; ದೂರು ಹೇಳಲು ಫೋನ್ ಸಂಖ್ಯೆ; ಎಫ್‌ಎಸ್‌ಎಸ್‌ಎಐ ಸಂಖ್ಯೆ (ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಪರವಾನಗಿ ಅಥವಾ ನೋಂದಣಿ ಸಂಖ್ಯೆ); ಬ್ಯಾಚ್ ಸಂಖ್ಯೆ; ತಯಾರಿಸಿದ ದಿನ ಮತ್ತು ಎಲ್ಲಿಯವರೆಗೆ ಬಳಸಬಹುದು ಎಂಬುದು; ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ; ಸಸ್ಯಾಹಾರವಾದರೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಎಫ್‌ಎಸ್‌ಎಸ್‌ಎಐ ಸಂಖ್ಯೆಯಲ್ಲಿ 14 ಅಂಕಿಗಳಿರುತ್ತವೆ. ಬಾಯಲ್ಲಿ ಹೇಳಬೇಡಿ, ಪ್ರಮಾಣಪತ್ರದ ಪ್ರತಿಯನ್ನೇ ಕೊಡಿ. ಸಾಮಗ್ರಿಗಳನ್ನು “ಮಸಾಲೆ” ಎಂದು ಒಂದೇ ಮಾತಿನಲ್ಲಿ ಮುಗಿಸದೆ ಉಪ್ಪು, ಸಾಸಿವೆ, ಮೆಣಸಿನಪುಡಿ, ಅರಿಶಿನ ಎಂದು ಬಿಡಿಸಿ ಬರೆಯಿರಿ. ಇನ್ನೊಂದು ಮಾತು: ಈ ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡ ಹಾಕಲು ಅಡ್ಡಿಯಿಲ್ಲ. ನಾನು ಪ್ರತಿಯೊಬ್ಬರಿಗೂ ಕನ್ನಡ ಹಾಕಿಸಿ ಎಂದು ಒತ್ತಾಯಿಸುತ್ತೇನೆ, ಹೆಸರನ್ನಂತೂ ಕನ್ನಡದಲ್ಲೇ ದೊಡ್ಡದಾಗಿ ಬರೆಸುತ್ತೇನೆ. ಹಾಗಾಗಿ ಮ್ಯಾಟರ್ ಎರಡು ಭಾಷೆಯಲ್ಲೂ ಸಿದ್ಧವಾಗಿರಲಿ.

ಅದನ್ನು ಹೇಗೆ ಕಳುಹಿಸುತ್ತೀರಿ ಎಂಬುದು ಕನ್ನಡದ ಮಟ್ಟಿಗೆ ದೊಡ್ಡ ವಿಷಯ. ಮೊಬೈಲ್‌ನಲ್ಲಿ ಟೈಪ್ ಮಾಡಿದ ಕನ್ನಡವೆಲ್ಲ ಯೂನಿಕೋಡ್, ಅಂದರೆ ಒಂದೇ ಫಾಂಟ್‌ಗೆ ಕಟ್ಟುಬೀಳದ ಅಕ್ಷರ ಸಂಕೇತ. ಅದನ್ನು ಹಾಗೆಯೇ ಕಳುಹಿಸಿದರೆ ಸಾಕು. ಕಂಪ್ಯೂಟರ್‌ನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ್ದರೆ ಅದೇ ಫಾಂಟ್ ಇಲ್ಲದ ಕಡೆ ತೆರೆದಾಗ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕಿಗಳ ಕಲಸುಮೇಲೋಗರ ಕಾಣಿಸುತ್ತದೆ. ಪರಿವರ್ತಿಸಬಹುದು, ಆದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಹಾರಿಹೋಗುತ್ತವೆ. ಆದ್ದರಿಂದ ಫೈಲ್ ಜೊತೆಗೆ ಪಿಡಿಎಫ್ ಅಥವಾ ಅಚ್ಚು ಹಾಕಿದ ಪ್ರತಿ ಕೊಡಿ, ಸರಿಯಾದ ರೂಪ ಯಾವುದೆಂದು ಹೋಲಿಸಿ ನೋಡಬಹುದು. ವಿನ್ಯಾಸದ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆ ಹಾಕದಿದ್ದರೆ ಒತ್ತು ಕೆಳಗಿಳಿಯುವುದೇ ಇಲ್ಲ. ಒಮ್ಮೆ ನನ್ನ ಪರದೆಯ ಮೇಲೆ “ಅಪ್ಪೆಮಿಡಿ” ಎಂಬುದು “ಅಪ್‌ಪೆಮಿಡಿ” ಎಂದು ನಿಂತಿತ್ತು, ಅವಸರದಲ್ಲಿ ನಾನು ಗಮನಿಸದೆ ಪ್ರೂಫ್ (ಅಚ್ಚಿಗೆ ಮುಂಚೆ ನೋಡಿ ತಿದ್ದಲು ಕೊಡುವ ಪ್ರತಿ) ಕಳುಹಿಸಿಬಿಟ್ಟಿದ್ದೆ. ಹಿಡಿದವಳು ಆ ಮನೆಯ ಏಳನೇ ತರಗತಿಯ ಹುಡುಗಿ. ಡಿಸೈನರ್ ಎಷ್ಟೇ ಅನುಭವಿಯಾಗಿರಲಿ, ಕನ್ನಡದ ಪ್ರತಿ ಒತ್ತನ್ನೂ ನಿಮ್ಮ ಮನೆಯ ಕಣ್ಣುಗಳು ನೋಡಲೇಬೇಕು.

ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಲಗತ್ತಿಸಿ. ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ಅಚ್ಚಿಗೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು, ಮೂರು ಇಂಚಿನ ಚಿತ್ರಕ್ಕೆ 900. ಅಂತರ್ಜಾಲದಲ್ಲಿ ಸಿಕ್ಕ ಮಾವಿನಕಾಯಿಯ ಚಿತ್ರ ಬೇಡ, ಅದು ಬೇರೆಯವರ ಸ್ವತ್ತು. ಸಾಲದ್ದಕ್ಕೆ ಅದು ಅಪ್ಪೆಮಿಡಿಯೂ ಆಗಿರುವುದಿಲ್ಲ. ನಿಮ್ಮ ಅಂಗಳದ ಮಿಡಿಯನ್ನು ಬೆಳಗಿನ ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲಿಟ್ಟು ತೆಗೆಯಿರಿ.

ಇಷ್ಟವಾದ ಎರಡು ಲೇಬಲ್, ಇಷ್ಟವಾಗದ ಒಂದು ಲೇಬಲ್ ತನ್ನಿ, ಏಕೆಂದು ಒಂದೊಂದು ಸಾಲು ಹೇಳಿ. ನಕಲು ಮಾಡಲು ಇದನ್ನು ಕೇಳುತ್ತಿಲ್ಲ, ನಿಮ್ಮ ಕಣ್ಣು ಯಾವುದಕ್ಕೆ ಒಲಿಯುತ್ತದೆ ಎಂದು ನನಗೆ ತಿಳಿಯಬೇಕು.

ಬ್ಯಾಚ್, ದಿನಾಂಕ, ಬೆಲೆ ಮುಂತಾಗಿ ಬದಲಾಗುವಂಥವನ್ನು ಮೊಹರು ಹಾಕುತ್ತೀರೋ, ಸಣ್ಣ ಯಂತ್ರದಲ್ಲಿ ಒತ್ತುತ್ತೀರೋ ಎಂದು ಮೊದಲೇ ತಿಳಿಸಿ. ಹೊಳೆಯುವ ಲ್ಯಾಮಿನೇಷನ್ ಮೇಲೆ ಮೊಹರಿನ ಶಾಯಿ ನಿಲ್ಲುವುದಿಲ್ಲ, ಬೆರಳು ತಾಗಿದರೆ ಅಳಿಸಿಹೋಗುತ್ತದೆ. ಯಾವ ಶಾಯಿ ಎಂದು ಗೊತ್ತಾದರೆ ಪ್ರೆಸ್‌ನವರೊಂದಿಗೆ ಮಾತಾಡಿ ತಕ್ಕ ಕಾಗದ ಆರಿಸಬಹುದು.

ಪ್ರೂಫ್ ಬಂದ ಮೇಲೆ ಮೊಬೈಲ್‌ನಲ್ಲಿ ಹಿಗ್ಗಿಸಿ ನೋಡಿ “ಸರಿಯಿದೆ” ಎನ್ನಬೇಡಿ. ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆಸಿ, ಕತ್ತರಿಸಿ, ಬಾಟಲಿಗೆ ಸುತ್ತಿ ಅಡುಗೆಮನೆಯ ನಾಗಂದಿಗೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಹಿರಿಯರೊಬ್ಬರ ಕೈಗೆ ಕೊಟ್ಟು ಸಾಮಗ್ರಿಗಳನ್ನು ಓದಿಸಿ. ಅವರು ಕನ್ನಡಕ ಹುಡುಕುತ್ತ ಎದ್ದುಹೋದರೆ ಅಕ್ಷರ ದೊಡ್ಡದಾಗಬೇಕು. ಸಂಘದಲ್ಲಿ ಹನ್ನೆರಡು ಜನರಿದ್ದರೆ ಹನ್ನೆರಡು ಜನರೂ ನೋಡಲಿ, ಆದರೆ ತಿದ್ದುಪಡಿಗಳನ್ನು ಒಬ್ಬರು ಒಟ್ಟುಗೂಡಿಸಿ, 1, 2, 3 ಎಂದು ಸಂಖ್ಯೆ ಹಾಕಿ, ಒಂದೇ ಸಲ ಕಳುಹಿಸಲಿ. ರಾತ್ರಿ ಹತ್ತಕ್ಕೆ ಒಬ್ಬರ ಧ್ವನಿ ಸಂದೇಶ, ಬೆಳಿಗ್ಗೆ ಇನ್ನೊಬ್ಬರ ಫೋನ್ ಎಂದಾದರೆ ಹಳೆಯ ತಪ್ಪು ಹೊಸ ಫೈಲ್‌ನಲ್ಲಿ ಮತ್ತೆ ಬಂದು ಕೂರುತ್ತದೆ.

ಎಲ್ಲ ಮುಗಿದ ಮೇಲೆ ಎರಡು ಫೈಲ್ ಕೇಳಿ ಪಡೆಯಿರಿ. ಒಂದು ಪ್ರೆಸ್‌ಗೆ ಹೋಗುವ ಪಿಡಿಎಫ್: ಸುತ್ತಲೂ 3 ಮಿ.ಮೀ. ಹೆಚ್ಚುವರಿ ಅಂಚು ಬಿಟ್ಟು, ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿದ್ದು. ಅದರಲ್ಲಿ ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಒತ್ತು ಜಾರುವುದಿಲ್ಲ. ಇನ್ನೊಂದು ತಿದ್ದಲು ಬರುವ ಮೂಲ ಫೈಲ್. ಅದನ್ನು ಕೊಡುತ್ತಾರೆಯೇ, ಅದಕ್ಕೆ ಬೇರೆ ಹಣವೇ ಎಂಬುದನ್ನು ಮುಂಗಡ ಕೊಡುವ ದಿನವೇ ಮಾತಾಡಿಕೊಳ್ಳಿ. ಮುಂದಿನ ವರ್ಷ ನಿಮ್ಮ ವಿಳಾಸವೋ ತೂಕವೋ ಬದಲಾದಾಗ ಆ ಫೈಲ್ ಇದ್ದರೆ ಅರ್ಧ ಗಂಟೆಯ ಕೆಲಸ.