ಅಲೆಯಲ್ಲಿ ಕಳೆದ ಉಂಗುರ ಹುಡುಕೋದು ಹೇಗೆ?

ಬೀಚ್‌ಗೆ ಬಂದವರು ಮೊದಲು ಮೈಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಳ್ಳುತ್ತಾರೆ. ಆಮೇಲೆ ನೀರಿಗೆ ಇಳಿಯುತ್ತಾರೆ. ತಣ್ಣಗಾದ ಬೆರಳು ತುಸು ಸಣ್ಣಗಾಗುತ್ತದೆ. ಮೊದಲೇ ಕ್ರೀಮಿನ ಜಿಡ್ಡು, ಅದರ ಮೇಲೊಂದು ಅಲೆ. ಉಂಗುರ ಹೋಯ್ತು ಅಂತ ಗೊತ್ತಾಗುವುದು ಊಟಕ್ಕೆ ಕೂತಾಗ.

ಫ್ಲಾರಿಡಾದ ಅಟ್ಲಾಂಟಿಕ್ ತೀರದಲ್ಲಿ, ಸೊಂಟಮಟ್ಟದ ನೀರಿನಲ್ಲಿ, ಹೆಡ್‌ಫೋನ್ ಹಾಕಿಕೊಂಡು, ಲೋಹ ಕಂಡರೆ ಸದ್ದು ಮಾಡುವ ಮೆಟಲ್ ಡಿಟೆಕ್ಟರ್‌ನ ಉದ್ದ ಕೋಲನ್ನು ಅತ್ತಿತ್ತ ಆಡಿಸುವವರು ಹುಡುಕುವುದು ಇಂಥದ್ದನ್ನೇ. ವೀರೋ ಬೀಚ್ ಕಡೆ ಕೆಲವು ವರ್ಷದಿಂದ ನಾನೂ ಅವರಲ್ಲೊಬ್ಬ. ಕಲಿಯಬೇಕಾದ್ದು ಮಷೀನ್‌ಗಿಂತ ಹೆಚ್ಚಾಗಿ ಮರಳು ಓದುವುದನ್ನು. ಆದರೂ ಮಷೀನ್‌ನಿಂದಲೇ ಶುರು ಮಾಡೋಣ. ನಾನು ಮೊದಲು ದುಡ್ಡು ಕಳೆದುಕೊಂಡದ್ದು ಅಲ್ಲೇ.

ಉಪ್ಪುನೀರಿಗೆ ಒಗ್ಗುವ ಮಷೀನ್

ಅಗ್ಗದ ಡಿಟೆಕ್ಟರ್ ಒಣ ಮರಳಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಒದ್ದೆ ಮರಳಿಗೆ ಇಳಿದದ್ದೇ ತಡ, ಒಂದೇ ಸಮನೆ ಕಿರುಚಲು ಶುರು. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಓಡುವ ಮಷೀನ್‌ಗೆ ಇಡೀ ಸಮುದ್ರವೇ ಲೋಹದ ಹಾಗೆ ಕೇಳಿಸುತ್ತದೆ.

ಹಾಗಾಗಿ ಎರಡು ಬಗೆಯಲ್ಲಿ ಒಂದನ್ನು ಆರಿಸಿಕೊಳ್ಳಿ. ಬಿಟ್ಟು ಬಿಟ್ಟು ವಿದ್ಯುತ್ತಿನ ಮಿಡಿತ ಕಳಿಸುವ ಪಲ್ಸ್ ಇಂಡಕ್ಷನ್ ಮಷೀನ್ ಉಪ್ಪಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಆಳಕ್ಕೂ ಇಳಿಯುತ್ತದೆ. ಆದರೆ ಮೊಳೆ, ಹೇರ್‌ಪಿನ್, ಚಿನ್ನ ಎಲ್ಲವೂ ಅದಕ್ಕೆ ಒಂದೇ. ಗ್ಯಾರೆಟ್ ಸೀ ಹಂಟರ್ ಈ ಜಾತಿಯದ್ದು. ಇನ್ನೊಂದು, ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಬಳಸಿ ಉಪ್ಪಿನ ಸದ್ದನ್ನು ಕಳೆದುಹಾಕುವಂಥದ್ದು. ಮೈನ್‌ಲ್ಯಾಬ್ ಕಂಪನಿಯ ಎಕ್ವಿನಾಕ್ಸ್, ಎಕ್ಸ್‌ಕ್ಯಾಲಿಬರ್ ಈ ಬಗೆಯವು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಎಕ್ವಿನಾಕ್ಸ್ 800 ಮೂರು ಮೀಟರ್ ನೀರಿನವರೆಗೆ ತಡೆಯುತ್ತದೆ, ಅಷ್ಟು ಸಾಕು.

ಕೊಳ್ಳುವಾಗ ಒಂದು ಮಾತು ಕೇಳಿ: ನೀರು ತಡೆಯುವುದು ತುದಿಯ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) ಮಾತ್ರವೋ, ಬಟನ್ ಇರುವ ಮೇಲಿನ ಡಬ್ಬಿಯೂ ಸೇರಿಯೋ? ಹೆಡ್‌ಫೋನ್ ವೈರ್ ಇರುವುದೇ ಇರಲಿ. ಬ್ಲೂಟೂತ್ ಸಿಗ್ನಲ್ ನೀರೊಳಗೆ ಹಾಯುವುದಿಲ್ಲ.

ಇದರ ಜೊತೆ ಬೇಕಾದ್ದು ಸ್ಕೂಪ್. ಬೋಂಡ ಎತ್ತುವ ಜಾಲರಿ ಸೌಟಿನ ದೊಡ್ಡಣ್ಣ ಅಂದುಕೊಳ್ಳಿ. ತೂತು ಕೊರೆದ ಸ್ಟೇನ್‌ಲೆಸ್ ಸ್ಟೀಲ್ ಬುಟ್ಟಿ, ಎದೆಯೆತ್ತರದ ಹಿಡಿ.

ಹೊತ್ತು ನೋಡಿ ಇಳಿಯಿರಿ

ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ಮನೆಯಿಂದ ಬಂದ ಕನ್ನಡ ಕ್ಯಾಲೆಂಡರ್ ನನಗೆ ಇದಕ್ಕೂ ಉಪಯೋಗಕ್ಕೆ ಬಂತು. ಪೂರ್ತಿ ಇಳಿತಕ್ಕೆ ಎರಡು ಗಂಟೆ ಮುಂಚೆ ಇಳಿಯಿರಿ, ನೀರಿನ ಹಿಂದೆಯೇ ಹೋಗಿ, ಅದು ತಿರುಗಿದಾಗ ನೀವೂ ತಿರುಗಿ.

ಮರಳು ಓದುವುದು

ಅಕ್ಕಿ ಗಾಲಿಸುವುದನ್ನು ನೋಡಿದ್ದೀರಲ್ಲ? ಅಕ್ಕಿ ನೀರಿನ ಜೊತೆ ಹೋಗುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಸಮುದ್ರ ಹಗಲೂ ರಾತ್ರಿ ಮಾಡುವುದು ಅದನ್ನೇ. ಅಪ್ಪಟ ಚಿನ್ನ ನೀರಿಗಿಂತ 19.3 ಪಟ್ಟು ಭಾರ, ಮರಳಿನ ಕಣ ಸುಮಾರು 2.65 ಪಟ್ಟು. ಅಲೆ ಮರಳನ್ನು ಕದಡಿದಷ್ಟೂ ಉಂಗುರ ಕೆಳಗಿಳಿಯುತ್ತದೆ. ಜೇಡಿಯೋ ಚಿಪ್ಪಿನ ಪದರವೋ ಅಡ್ಡ ಬಂದಾಗ ನಿಲ್ಲುತ್ತದೆ.

ಅಂದರೆ ಮರಳು ಹೊಸದಾಗಿ ಬಂದು ಮೆತ್ತಗೆ ಕೂತ ಕಡೆ ಸುಮ್ನೆ ಸಮಯ ಹಾಳು. ಕಾಲಿಗೆ ಗಟ್ಟಿ ನೆಲ, ಒಡೆದ ಚಿಪ್ಪು ತಾಗುವ ಕಡೆ ನಿಲ್ಲಿ. ದಡಕ್ಕೂ ಒಳಗಿನ ಮರಳುದಿಬ್ಬಕ್ಕೂ ನಡುವೆ ಉದ್ದಕ್ಕೊಂದು ತಗ್ಗು ಇರುತ್ತದಲ್ಲ, ಭಾರದ್ದೆಲ್ಲ ಬಂದು ಸೇರುವುದು ಅಲ್ಲಿ. ಬಿರುಗಾಳಿ ಮರಳನ್ನು ಕೊಚ್ಚಿಕೊಂಡು ಹೋದ ಮಾರನೆಯ ದಿನಗಳು ಇನ್ನೂ ಒಳ್ಳೆಯವು.

ನನ್ನ ಗುರುತು ಸೀಸದ ಗುಂಡು, ಗಾಳ ಹಾಕುವವರು ಕಟ್ಟುತ್ತಾರಲ್ಲ ಅದು. ಅಂಥ ನಾಲ್ಕು ಗುಂಡು ಒಂದೇ ಕಡೆ ಸಿಕ್ಕರೆ ಕದಲಬೇಡಿ. ಬರೀ ಅಲ್ಯೂಮಿನಿಯಂ ಚೂರು ಬರುತ್ತಿದ್ದರೆ ಜಾಗ ಬದಲಿಸಿ. ಅದು ಮರಳಿನಷ್ಟೇ ಹಗುರ, ಎಲ್ಲಿ ಬೇಕಾದರೂ ಬಂದು ಬೀಳುತ್ತದೆ.

ಸದ್ದು ಬಂದಾಗ

ಕಾಯಿಲನ್ನು ನೆಲಕ್ಕೆ ಸಮನಾಗಿ, ನಿಧಾನವಾಗಿ ಆಡಿಸಿ. ಸೆನ್ಸಿಟಿವಿಟಿ, ಅಂದರೆ ಮಷೀನ್ ಎಷ್ಟು ಸೂಕ್ಷ್ಮವಾಗಿ ಕೇಳಬೇಕು ಎಂಬ ಸೆಟ್ಟಿಂಗ್, ಪೂರ್ತಿ ಏರಿಸುವ ಆಸೆ ಬೇಡ. ಸದ್ದು ಬಂದರೆ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಆಡಿಸಿ ನಡುಜಾಗ ಹಿಡಿಯಿರಿ. ಈಗ ಕಾಯಿಲಿನ ಹಿಂಬದಿಗೆ ಪಾದದ ತುದಿ ತಾಗಿಸಿ ನಿಲ್ಲಿಸಿ. ಅಲೆ ಬಂದು ಎಲ್ಲ ಕಲಕಿದರೂ ಪಾದ ನೆನಪಿಟ್ಟುಕೊಳ್ಳುತ್ತದೆ. ಕಾಯಿಲ್ ತೆಗೆದು, ಪಾದದ ಮುಂದೆ ಸ್ಕೂಪ್ ಊರಿ, ಅದರ ಹಿಮ್ಮಡಿಯನ್ನು ತುಳಿದು ಎಳೆಯಿರಿ. ನೀರಿನಲ್ಲೇ ಅಲ್ಲಾಡಿಸಿದರೆ ಮರಳು ಸೋರಿಹೋಗುತ್ತದೆ. ತಕ್ಷಣ ಗುಂಡಿಯ ಮೇಲೆ ಮತ್ತೆ ಕಾಯಿಲ್ ಹಿಡಿಯಿರಿ. ಇನ್ನೂ ಸದ್ದಿದ್ದರೆ ವಸ್ತು ಕೆಳಗೇ ಇದೆ. ಸದ್ದು ನಿಂತಿದ್ದರೆ ಬುಟ್ಟಿಯಲ್ಲಿದೆ. ಬುಟ್ಟಿಯಲ್ಲೂ ಇಲ್ಲದಿದ್ದರೆ ತೂತಿನಿಂದ ಜಾರಿರುತ್ತದೆ, ಸರ ಹೋಗುವುದು ಹೀಗೇ.

ಸದ್ದು ಕೇಳಿಯೇ ಚಿನ್ನ ಅಂತ ಹೇಳಬಲ್ಲೆ ಎನ್ನುವವರನ್ನು ನಂಬಬೇಡಿ. ನಮ್ಮದು 916ರ ಲೆಕ್ಕ. ಅಮೆರಿಕದ ಉಂಗುರ ಬಹಳಷ್ಟು 14 ಕ್ಯಾರೆಟ್, ಅಂದರೆ ಚಿನ್ನ 58.5 ಪರ್ಸೆಂಟ್. ಅದರ ಸದ್ದೂ ಕೋಲಾ ಡಬ್ಬಿಯ ಕಿವಿಯ ಸದ್ದೂ ಒಂದೇ ಥರ. ಅಗೆಯದೆ ಬೇರೆ ದಾರಿಯಿಲ್ಲ. ನಮ್ಮ ಹೊಳೆಗಳಲ್ಲಿ ಹುಡುಗರು ದಾರಕ್ಕೆ ಮ್ಯಾಗ್ನೆಟ್ ಕಟ್ಟಿ ನಾಣ್ಯ ಎತ್ತುತ್ತಾರಲ್ಲ, ಆ ಉಪಾಯ ಇಲ್ಲಿ ನಡೆಯುವುದಿಲ್ಲ. ಚಿನ್ನ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ.

ಕಾನೂನು, ಜೀವ

1715ರ ಜುಲೈ ಕೊನೆಯಲ್ಲಿ ಚಿನ್ನ, ಬೆಳ್ಳಿ ಹೊತ್ತು ಸ್ಪೇನ್‌ಗೆ ಹೊರಟಿದ್ದ 11 ಹಡಗುಗಳು ಇದೇ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದವು. ಇದಕ್ಕೆ ಟ್ರೆಷರ್ ಕೋಸ್ಟ್ (ನಿಧಿಯ ತೀರ) ಎಂಬ ಹೆಸರು ಬಂದದ್ದು ಹಾಗೆ. ಆ ಹಡಗುಗಳ ಬೆಳ್ಳಿ ನಾಣ್ಯ ನೀರಿನಲ್ಲಿ ಸಿಕ್ಕರೆ ನಿಮ್ಮದಲ್ಲ. ರಾಜ್ಯಕ್ಕೆ ಸೇರಿದ ಸಮುದ್ರದ ತಳದಲ್ಲಿರುವ 50 ವರ್ಷಕ್ಕಿಂತ ಹಳೆಯ ವಸ್ತು ಫ್ಲಾರಿಡಾ ಸರ್ಕಾರದ್ದು. ನ್ಯಾಷನಲ್ ಪಾರ್ಕ್‌ಗೆ ಸೇರಿದ ತೀರಗಳಿಗೆ ಡಿಟೆಕ್ಟರ್ ಒಯ್ಯುವಂತೆಯೇ ಇಲ್ಲ. ಮೊನ್ನೆ ಮೊನ್ನೆ ಕಳೆದ ಉಂಗುರ ಸಿಕ್ಕರೂ ಪೊಲೀಸರಿಗೆ ತಿಳಿಸಬೇಕು. ಒಳಗೆ ಹೆಸರು, ಮದುವೆ ತಾರೀಕು ಕೆತ್ತಿದ್ದರೆ ವಾರಸುದಾರರು ಸಿಗುವುದೂ ಉಂಟು.

ಅಲೆಗೆ ಬೆನ್ನು ಹಾಕಬೇಡಿ. ಹೆಡ್‌ಫೋನ್ ಹಾಕಿಕೊಂಡವರಿಗೆ ಅದು ಬರುವುದು ಕೇಳಿಸುವುದಿಲ್ಲ. ತೊರಕೆ ಮೀನು ಮರಳಲ್ಲಿ ಹುದುಗಿರುತ್ತದೆ, ಹೆಜ್ಜೆ ಎತ್ತಿಡದೆ ಪಾದ ಉಜ್ಜುತ್ತ ನಡೆಯಿರಿ, ತಾನೇ ಸರಿಯುತ್ತದೆ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿದ್ದರೆ ಅದು ಒಳಸೆಳೆತ. ಅಲ್ಲಿಗೆ ಹೋಗಲೇಬೇಡಿ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ, ದಡದ ಉದ್ದಕ್ಕೆ ಈಜಿ. ಗುಡುಗಿದರೆ ಎದ್ದು ಬನ್ನಿ. ಕಾಯಿಲಡಿ ಯಾವ ಸದ್ದಿದ್ದರೂ ಸರಿ.

ಮನೆಗೆ ಬಂದು ಮಷೀನ್‌ಗೆ ಸಿಹಿನೀರಿನ ಸ್ನಾನ. ಒಂದು ಸಲವೂ ತಪ್ಪಿಸಬೇಡಿ. ಆಮೇಲೆ ಚೀಲ ಕೊಡವಿ. ಹೋದ ವಾರದ ನನ್ನ ಮೂರು ಗಂಟೆಯ ಗಳಿಕೆ: ಡಬ್ಬಿಯ ಕಿವಿ ಹನ್ನೊಂದು, ಸೀಸದ ಗುಂಡು ನಾಲ್ಕು, ಮುಕ್ಕಾಲು ಡಾಲರ್ ಚಿಲ್ಲರೆ, ಚಕ್ರವಿಲ್ಲದ ಒಂದು ಆಟಿಕೆ ಕಾರು. ನಾಲ್ಕೂ ಗುಂಡು ಒಂದೇ ಕಡೆ ಸಿಕ್ಕಿದವು. ಶನಿವಾರ ಬೆಳಿಗ್ಗೆ ಮತ್ತೆ ಅಲ್ಲಿಗೇ ಹೋಗುವವನಿದ್ದೇನೆ.