ರಸ ರೋಗುವ ಸೋರ

ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕನಾಗಿ ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ನನ್ನ ಕೈಗೆ ಮೊದಲು ಕೊಟ್ಟದ್ದು ಒಂದು ಪೆನ್ಸಿಲ್. ಓದಬೇಕಾದ ಹಾಳೆಯನ್ನು ಡ್ಯೂಟಿ ರೂಮಿನಲ್ಲೇ ಗಟ್ಟಿಯಾಗಿ ಓದಿ, ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಓರೆಗೀಟು ಹಾಕು ಎಂದರು.

ಆ ಗೀಟಿನ ಬೆಲೆ ತಿಳಿಯುವುದು ಕೃಷಿರಂಗದಲ್ಲಿ. ‘ಹೊಟ್ಟೆಹುಳುವಿನಿಂದ ನರಳುವ ಕುರಿಗಳ ಬಗ್ಗೆ ಮಾತನಾಡಲಿರುವ ವೈದ್ಯರು ಸ್ಟುಡಿಯೋಕ್ಕೆ ಬಂದಿದ್ದಾರೆ’ ಎಂಬ ವಾಕ್ಯವನ್ನೇ ನೋಡಿ. ‘ನರಳುವ’ ಎಂದು ಉಸಿರೆಳೆದುಕೊಂಡರೆ ಹುಳು ಕುರಿಯ ಹೊಟ್ಟೆಯಿಂದ ನೇರವಾಗಿ ವೈದ್ಯರ ಹೊಟ್ಟೆಗೆ ಹೋಗುತ್ತದೆ. ನಾನಂತೂ ಇಂಥ ವಾಕ್ಯವನ್ನು ಎರಡಾಗಿ ಕತ್ತರಿಸಿಯೇ ಓದುತ್ತೇನೆ. ‘ಧ್ವನಿಮುದ್ರಣ’ ಎಂಬ ಮಾತನ್ನೂ ಎಂದಿಗೂ ಬಿಡುವುದಿಲ್ಲ. ಅದನ್ನು ನುಂಗಿದ ಗೆಳೆಯರೊಬ್ಬರ ಬಾಯಲ್ಲಿ ದಿವಂಗತ ವಿದ್ವಾಂಸರು ‘ಇನ್ನು ಕೆಲವೇ ಕ್ಷಣಗಳಲ್ಲಿ ಹಾಡಲಿದ್ದಾರೆ’!

ಇದಕ್ಕಿಂತ ಕಷ್ಟ ಅಕ್ಷರಗಳ ಅದಲುಬದಲು. ತೆಂಗಿನಲ್ಲಿ ‘ರಸ ಸೋರುವ ರೋಗ’ ಎಂದಿದೆ. ರ, ಸ, ಸ, ರ, ರ ಎಂದು ಸಾಲಾಗಿ ಬಂದಾಗ ನಾಲಿಗೆ ಮುಂದಿನ ಅಕ್ಷರಕ್ಕೆ ಮೊದಲೇ ಕೈಚಾಚುತ್ತದೆ. ಸಹೋದ್ಯೋಗಿಯೊಬ್ಬರು ಅದನ್ನು ‘ರಸ ರೋಗುವ ಸೋರ’ ಎಂದರು. ತಿದ್ದಲು ಹೋಗಿ ‘ಕ್ಷಮಿಸಿ, ರೋಗ ಸೋರುವ ರಸ’ ಎಂದರು. ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ಹ್ಯಾರಿ ವಾನ್ ಜೆಲ್ ಎಂಬ ಉದ್ಘೋಷಕ ರೇಡಿಯೋದಲ್ಲಿ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರನ್ನೇ ‘ಹೂಬರ್ಟ್ ಹೀವರ್’ ಮಾಡಿದ್ದನಂತೆ. ನಮ್ಮವರದು ತೆಂಗಿನ ಮರದ ಮಟ್ಟದಲ್ಲೇ ನಿಂತಿತಲ್ಲ ಎಂದು ಸಮಾಧಾನಪಟ್ಟುಕೊಂಡೆವು.

ನನ್ನ ಉಪಾಯ ಇಷ್ಟು: ಅಂಥ ಪದಗಳನ್ನು ದೊಡ್ಡಕ್ಷರದಲ್ಲಿ ಬಿಡಿಸಿ ಬರೆದುಕೊಳ್ಳುತ್ತೇನೆ, ತಪ್ಪಾದರೆ ಒಮ್ಮೆ ಮಾತ್ರ ‘ಕ್ಷಮಿಸಿ’ ಎನ್ನುತ್ತೇನೆ, ಗಾಜಿನಾಚೆ ಕುಳಿತವರ ಮುಖವನ್ನಂತೂ ನೋಡುವುದೇ ಇಲ್ಲ. ನೋಡಿದರೆ ನಗು ಬರುತ್ತದೆ. ಬಂದ ನಗುವನ್ನು ತಡೆಯುವುದಕ್ಕಿಂತ ಮೈಕಿನ ದನಿ ತಗ್ಗಿಸುವ ಫೇಡರ್ ಇಳಿಸಿ ವಾದ್ಯಸಂಗೀತ ಹಾಕುವುದೇ ಮೇಲು.

ನಾವು ಸರಿಯಾಗಿ ಓದಿದ ಮಾತ್ರಕ್ಕೆ ಕೇಳುವ ಕಿವಿ ಸುಮ್ಮನಿರುವುದಿಲ್ಲ. 1974ರಲ್ಲಿ ಶುರುವಾದ ಸಂಸ್ಕೃತ ವಾರ್ತೆಯ ‘ಪ್ರವಾಚಕಃ ಬಲದೇವಾನಂದ ಸಾಗರಃ’ ಎಂಬ ದನಿ ಊರೂರಿಗೂ ಪರಿಚಿತ. ಮಲೆನಾಡಿನ ನನ್ನ ಸೋದರತ್ತೆ, ದೆಹಲಿಗೆ ಹೋಗಿ ಇಷ್ಟು ದೊಡ್ಡವರಾದರೂ ಊರಿನ ಹೆಸರು ಬಿಡದ ಈ ಸಾಗರದವರ ಬಗ್ಗೆ ಕೊನೆಯವರೆಗೂ ಹೆಮ್ಮೆಪಡುತ್ತಿದ್ದರು.

ಫೋನ್ ಮೂಲಕ ಕೋರಿಕೆ ಕೇಳುವ ಕಾರ್ಯಕ್ರಮಕ್ಕೆ ಪೆನ್ಸಿಲೂ ಇಲ್ಲ, ಹಾಳೆಯೂ ಇಲ್ಲ. ಒಮ್ಮೆ ಹೆಂಗಸೊಬ್ಬರು, ಈ ಹಾಡು ನಮ್ಮ ಮನೆಯವರಿಗಾಗಿ ಎಂದರು. ನಗರದಲ್ಲೇ ಬೆಳೆದ ನಮ್ಮ ಹೊಸ ಹುಡುಗ ಉತ್ಸಾಹದಿಂದ, “ಮನೆಯವರು ಒಟ್ಟು ಎಷ್ಟು ಜನ, ಅಮ್ಮಾ?” ಎಂದು ಕೇಳಿದ.

“ಒಬ್ಬರೇ ಸಾರ್,” ಎಂದರು ಆಕೆ, “ಲಾರಿ ಓಡಿಸುತ್ತಾರೆ.”